ಫ್ಯಾನ್ಪಿ ಜೊತೆ ಎರಡು ವರ್ಷ, ಅದಕ್ಕೂ ಮುಂಚೆ ನಂದೇ ಒಂದು ಅರ್ಧಂಬರ್ಧ ಕ್ಲೈಂಟ್

ಮಾಸ್ಟೊಡಾನನ್ನ (ಟ್ವಿಟರ್ ಥರದ, ಬೇರೆ ಬೇರೆ ಸರ್ವರ್‌ಗಳಲ್ಲಿ ನಡೆಯೋ ಸೋಶಿಯಲ್ ಮೀಡಿಯಾ) ಫ್ಯಾನ್ಪಿ ಅನ್ನೋ ವೆಬ್ ಕ್ಲೈಂಟಲ್ಲಿ, ಅಂದ್ರೆ ಬ್ರೌಸರಲ್ಲೇ ಓಡೋ ಬೇರೆಯವರ ಆಪಲ್ಲಿ, ನೋಡೋಕೆ ಶುರು ಮಾಡಿ ಎರಡು ವರ್ಷದ ಮೇಲಾಯ್ತು, ಈಗ ಒರಿಜಿನಲ್ ಸೈಟ್ ತೆಗೆಯೋದು ಅಕೌಂಟ್ ಸೆಟ್ಟಿಂಗ್ಸ್ ಏನಾದ್ರೂ ಬದಲಾಯಿಸ್ಬೇಕಾದಾಗ ಮಾತ್ರ. ಗೊತ್ತಿಲ್ಲದವರಿಗೆ, ಇದೇನು ಬೇರೆ ಸೋಶಿಯಲ್ ಮೀಡಿಯಾ ಅಲ್ಲ. ಅದೇ ಅಕೌಂಟು, ಅದೇ ಸರ್ವರ್ರು, ಮುಖ ಮಾತ್ರ ಬೇರೆ. ಲಾಗಿನ್ ಆಗೋದು ನಿಮ್ಮ ಸರ್ವರ್ ಪೇಜಲ್ಲೇ, ಇದಕ್ಕೆ ಸಿಗೋದು ಒಂದು ಟೋಕನ್, ಅಂದ್ರೆ ಒಳಗೆ ಬಿಡೋ ಚೀಟಿ, ಅಷ್ಟೇ, ಪಾಸ್‌ವರ್ಡ್ ಇದರ ಕೈಗೆ ಹೋಗೋದೇ ಇಲ್ಲ.

ಇದರ ಬೆಲೆ ನಂಗೆ ಗೊತ್ತಾಗಿದ್ದು ನಾನೇ ಒಂದು ಕಟ್ಟೋಕೆ ಹೋಗಿ ಕೈ ಸುಟ್ಕೊಂಡ ಮೇಲೆ. ಎಪಿಐ (ಬೇರೆ ಆಪ್‌ಗಳು ಸರ್ವರ್ ಜೊತೆ ಮಾತಾಡೋ ದಾರಿ) ಓಪನ್ ಇದೆ, ಟೈಮ್‌ಲೈನ್ ತರಿಸಿ ತೋರಿಸಿದ್ರೆ ಆಯ್ತಲ್ಲ ಅನ್ಕೊಂಡೆ, ಒಂದೇ ಸಂಜೇಲಿ 20 ಪೋಸ್ಟ್ ಸ್ಕ್ರೀನ್ ಮೇಲೆ ಬಂದೂ ಬಿಟ್ವು. ಆಮೇಲೆ ಶುರುವಾಯ್ತು ನೋಡಿ. ಪೋಸ್ಟ್ ಐಡಿ 18 ಅಂಕಿ ಉದ್ದ, ಸ್ಟ್ರಿಂಗ್ ಆಗೇ, ಅಂದ್ರೆ ಬರೀ ಪಠ್ಯವಾಗೇ ಬರತ್ತೆ, ನಾನು ಮಹಾ ಬುದ್ಧಿವಂತ ಅದನ್ನ ನಂಬರ್ ಮಾಡ್ದೆ, ಜಾವಾಸ್ಕ್ರಿಪ್ಟ್ ಅಷ್ಟು ದೊಡ್ಡ ನಂಬರ್ ನೆಟ್ಟಗೆ ಇಟ್ಕೊಳ್ಳಲ್ಲ, ಕೊನೇ ಅಂಕಿಗಳು ರೌಂಡ್ ಆಗಿ ಪೋಸ್ಟ್ ಕ್ಲಿಕ್ ಮಾಡಿದ್ರೆ 404, ಪೇಜೇ ಇಲ್ಲ ಅನ್ನೋದು. ಬುಕ್‌ಮಾರ್ಕ್ ಪೇಜ್ ಕಥೆ ಇನ್ನೂ ಮಜಾ. ಕೆಳಗೆ ಸ್ಕ್ರಾಲ್ ಮಾಡಿದಷ್ಟೂ ಮೊದಲ ಪುಟಾನೇ ತಿರುಗಾ ಬರೋದು. ಬುಕ್‌ಮಾರ್ಕಿಗೆ ಸರ್ವರ್ ಒಳಗೆ ಬೇರೆಯದೇ ಐಡಿ ಇರತ್ತಂತೆ, ಮುಂದಿನ ಪುಟದ ದಾರಿ ಸಿಗೋದು ಸರ್ವರ್ ಉತ್ತರದ ಜೊತೆ ಬರೋ ಲಿಂಕ್ ಹೆಡರ್ ಅನ್ನೋ ಸಾಲಲ್ಲಿ ಮಾತ್ರ, ನಾನು ಪೋಸ್ಟ್ ಐಡಿ ಕಳಿಸ್ತಾ ಕೂತಿದ್ದೆ. ಸಾಲದ್ದಕ್ಕೆ ಲೈನ್ ಹೈಟ್ ಕಮ್ಮಿ ಇಟ್ಟು ಕನ್ನಡದ ಒತ್ತಕ್ಷರದ ಕಾಲೆಲ್ಲ ಕಟ್ ಆಗಿತ್ತು.

ಇಷ್ಟಾದ್ಮೇಲೆ ಫ್ಯಾನ್ಪಿ ತೆಗೆದ್ರೆ, ಟೈಮ್‌ಲೈನಲ್ಲಿ ಪೋಸ್ಟ್ ಕೆಳಗೆ ಬಟನ್ನೇ ಇಲ್ಲ! ರಿಪ್ಲೈ, ಬೂಸ್ಟ್ (ಬೇರೆಯವರ ಪೋಸ್ಟ್ ನಮ್ಮ ಫಾಲೋವರ್ಸ್‌ಗೆ ಹಂಚೋದು) ಎಲ್ಲ ಪೋಸ್ಟ್ ಓಪನ್ ಮಾಡಿದ್ಮೇಲೇ ಕಾಣೋದು. ಮೊದಲ ವಾರ ತಲೆ ಕೆಟ್ಟಿತ್ತು, ಈಗ ಬಟನ್ ಸಾಲು ಇರೋ ಪೇಜ್ ನೋಡಿದ್ರೆ ಗಿಜಿಗಿಜಿ ಅನ್ಸತ್ತೆ. ಬೂಸ್ಟ್‌ಗಳು ಸಾಲಾಗಿ ಬಂದ್ರೆ ಅವನ್ನ ಅಡ್ಡಕ್ಕೆ ಸರಿಸೋ ಒಂದು ಪಟ್ಟೀಲಿ ಹಾಕತ್ತೆ, ಹಂಗಾಗಿ ಒಬ್ಬರು ಕೂತು ಹತ್ತು ಬೂಸ್ಟ್ ಮಾಡಿದ್ರೂ ನಮ್ಮ ಫೀಡ್ ಮುಳುಗಲ್ಲ. ನಾನು ನನ್ನದ್ರಲ್ಲಿ ಬಟನ್ ಮೇಲೆ ಬಟನ್ ಸೇರಿಸ್ತಾ ಹೋಗಿದ್ದೆ, ಫ್ಯಾನ್ಪಿ ಮಾಡಿದವರು ತೆಗೀತಾ ಹೋಗಿದಾರೆ. ಅರ್ಧ ಟೈಪ್ ಮಾಡಿದ ಡ್ರಾಫ್ಟ್ ಉಳಿಸ್ಕೊಡೋದೂ ಇದೆ, ಅದು ನನ್ನಂಥ ಮರೆಗುಳಿಗೆ ವರ.

ಕೊರತೆ ಅಂದ್ರೆ, ಬೇರೆ ಸರ್ವರಿನ ಥ್ರೆಡ್ಡಲ್ಲಿ ಕೆಲವು ರಿಪ್ಲೈ ಕಾಣದೇ ಇರೋದು ಇಲ್ಲೂ ಹಂಗೇ ಇದೆ. ನಿಮ್ಮ ಸರ್ವರಿಗೆ ಬಂದು ತಲುಪದೇ ಇರೋದನ್ನ ಕ್ಲೈಂಟ್ ಎಲ್ಲಿಂದ ತರ್ಬೇಕು ಹೇಳಿ, ಮುಖ ಬದಲಾಯಿಸಿದ್ರೆ ಹೊಟ್ಟೆ ಬದಲಾಗಲ್ಲವಲ್ಲ. ಇನ್ನೊಂದು ಭಯ, ಇಂಥವು ಯಾವಾಗ ನಿಂತು ಹೋಗತ್ವೋ ಅಂತ. ಪಿನಾಫೋರ್ ಅನ್ನೋ ಇಂಥದ್ದೇ ಇನ್ನೊಂದು ಕ್ಲೈಂಟ್ 2023ರಲ್ಲಿ ನಿಂತೇ ಹೋಯ್ತು, ಆಮೇಲೆ ಅದರ ಕೋಡ್ ಹಿಡ್ಕೊಂಡು ಸೆಮಫೋರ್ ಬಂತು. ಫ್ಯಾನ್ಪಿ ಕೂಡ ಓಪನ್ ಸೋರ್ಸೇ, ಬರೀ ಸ್ಟ್ಯಾಟಿಕ್ ಫೈಲ್‌ಗಳು, ಯಾವ ವೆಬ್ ಸರ್ವರಲ್ಲಾದ್ರೂ ಹಂಗೇ ಇಡ್ಬಹುದು, ನಾನು ಒಂದು ಕಾಪಿ ನನ್ನ ಹತ್ರಾನೇ ಹೋಸ್ಟ್ ಮಾಡಿಟ್ಟಿದೀನಿ.

ನನ್ನ ಕ್ಲೈಂಟೂ ಪಕ್ಕದ ಟ್ಯಾಬಲ್ಲಿ ಇನ್ನೂ ಇದೆ. ಬುಕ್‌ಮಾರ್ಕ್ ಸರಿ ಹೋಗಿದೆ, ಪೋಲ್‌ಗೆ ವೋಟ್ ಹಾಕೋಕೆ ಮಾತ್ರ ಇವತ್ತಿಗೂ ಆಗಲ್ಲ.