ಬೇಸಿಗೆಯ ಒಂದು ದಿನ, ಒಂಟಿ ಪಯಣ: ಚಿಂಕ್ವೆ ತೆರ್ರೆಯೋ, ಅಮಾಲ್ಫಿಯೋ?

ಇಟಲಿಯ ಈ ಎರಡೂ ಕರಾವಳಿಗಳು 1997ರಲ್ಲಿಯೇ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ; ಆದ್ದರಿಂದ ಚೆಲುವಿಗಿಂತ ಸಂಚಾರದ ಅನುಕೂಲವನ್ನು ನೋಡಿ ಆಯ್ದುಕೊಳ್ಳುವುದು ಒಳ್ಳೆಯದು. ಉತ್ತರದ ಚಿಂಕ್ವೆ ತೆರ್ರೆಯ ಐದೂ ಹಳ್ಳಿಗಳನ್ನು ಲಾ ಸ್ಪೆಜಿಯಾ–ಲೆವಾಂತೊ ರೈಲು ಮಾರ್ಗವು ಪೋಣಿಸಿರುವುದರಿಂದ, ಒಬ್ಬರೇ ಹೊರಟವರು ಬೆಳಿಗ್ಗೆ ವೆರ್ನಾಜ್ಜಾದಿಂದ ಮೊಂತೆರೊಸ್ಸೊವರೆಗೆ ದ್ರಾಕ್ಷಿ ತೋಟ, ಆಲಿವ್ ತೋಪುಗಳ ನಡುವಿನ ಕಾಲುದಾರಿಯಲ್ಲಿ ಸುಮಾರು ಎರಡು ಗಂಟೆ ನಡೆದು, ಅಲ್ಲಿನ ಮರಳ ದಂಡೆಯಲ್ಲಿ ಈಜಿ, ದಣಿದಾಗ ಮುಂದಿನ ರೈಲು ಹಿಡಿಯಬಹುದು. ಗುಡ್ಡದ ಮೇಲಿರುವ ಕೊರ್ನಿಲ್ಯಾಕ್ಕೆ ಮಾತ್ರ ನಿಲ್ದಾಣದಿಂದ ಸುಮಾರು 380 ಮೆಟ್ಟಿಲು ಹತ್ತಬೇಕು (ನಡುಮಧ್ಯಾಹ್ನ ಈ ಸಾಹಸ ಬೇಡ, ಸಣ್ಣ ಬಸ್ಸೂ ಇದೆ).

ದಕ್ಷಿಣದ ಅಮಾಲ್ಫಿ ಕರಾವಳಿಯ ಊರುಗಳ ನಡುವೆ ರೈಲಿಲ್ಲ. ಕಡಿದಾದ ಬೆಟ್ಟಕ್ಕೆ ಅಂಟಿಕೊಂಡ ಕಿರಿದಾದ ರಸ್ತೆಯಲ್ಲಿ ಆಗಸ್ಟ್ ತಿಂಗಳ ಬಸ್ಸುಗಳು ತುಂಬಿ ತುಳುಕುತ್ತವೆ. ಟ್ಯಾಕ್ಸಿ ಬಾಡಿಗೆ ಹಂಚಿಕೊಳ್ಳಲು ಒಂಟಿ ಪಯಣಿಗರಿಗೆ ಜೊತೆಯೂ ಇರುವುದಿಲ್ಲ. ಹತ್ತಿರದ ಬಂದರು ನಗರ ಸಲೆರ್ನೊದಲ್ಲಿ ತಂಗಿ, ಅಲ್ಲಿಂದ ಫೆರಿಯಲ್ಲಿ ಅಮಾಲ್ಫಿ ಮತ್ತು ಪೊಸಿತಾನೊ ತಲುಪುವುದು ಜಾಣತನ. ಸಮುದ್ರದಿಂದ ಕಾಣುವ ಆ ಊರುಗಳ ನೋಟಕ್ಕೆ ಉತ್ತರದಲ್ಲಿ ಸಾಟಿಯಿಲ್ಲವೆಂಬುದು ನನ್ನ ಅಭಿಪ್ರಾಯ. ಆದರೂ ಕೈಯಲ್ಲಿರುವುದು ಒಂದೇ ದಿನವಾದರೆ ನಾನು ಚಿಂಕ್ವೆ ತೆರ್ರೆಯನ್ನೇ ಸೂಚಿಸುತ್ತೇನೆ. ಕಾಲುದಾರಿಯ ಪ್ರವೇಶಕ್ಕೆ ಬೇಕಾದ ಕಾರ್ಡನ್ನು ಮೊದಲೇ ಕೊಂಡು, ಚಪ್ಪಲಿಯ ಬದಲು ಗಟ್ಟಿಯಾದ ಬೂಟು ಧರಿಸಿ ಹೊರಡಬೇಕು.