ಮೂರು ವರ್ಷ ಪ್ರೊಜೆಕ್ಟರ್ ಬಳಸಿದ ಮೇಲೆ: ಕಪ್ಪು ಕಪ್ಪಾಗಿ ಕಾಣಬೇಕು

ಶಿವಮೊಗ್ಗದ ನಮ್ಮ ಮನೆಯ ಮಹಡಿ ರೂಮಿಗೆ ಪ್ರೊಜೆಕ್ಟರ್ ಹಾಕಿ ಮೂರು ವರ್ಷ ಆಯ್ತು. 1080ಪಿ, 3ಎಲ್‌ಸಿಡಿ (ಕೆಂಪು, ಹಸಿರು, ನೀಲಿಗೆ ಒಂದೊಂದು ಪ್ಯಾನೆಲ್), ಲ್ಯಾಂಪ್ ಇರುವ ಮಾಡೆಲ್. ಇದು ಎರಡನೆಯದು. ಮೊದಲು ಒಂದು ಚಿಕ್ಕ ಎಲ್‌ಇಡಿ ಪ್ರೊಜೆಕ್ಟರ್ ತರಿಸಿದ್ದೆ. ಡಬ್ಬದ ಮೇಲೆ 9,000 ಲ್ಯೂಮೆನ್ಸ್ (ಬೆಳಕಿನ ಅಳತೆ), 4ಕೆ ಸಪೋರ್ಟ್ ಅಂತ ದಪ್ಪ ಅಕ್ಷರದಲ್ಲಿತ್ತು. ಸಪೋರ್ಟ್ ಅಂದರೆ 4ಕೆ ಸಿಗ್ನಲ್ ತಗೊಳ್ಳುತ್ತದೆ ಅಷ್ಟೇ, ಒಳಗಿನ ಪ್ಯಾನೆಲ್ ಬರೀ 720ಪಿ. ಸಬ್‌ಟೈಟಲ್ ಓದೋಕೇ ಕಷ್ಟ. ನೇಟಿವ್ ರೆಸಲ್ಯೂಷನ್ (ಪ್ಯಾನೆಲ್‌ನಲ್ಲೇ ಇರುವ ಪಿಕ್ಸೆಲ್) ಎಷ್ಟು, ಆನ್ಸಿ ಲ್ಯೂಮೆನ್ಸ್ ಎಷ್ಟು ಅಂತ ಕೇಳದೆ ದುಡ್ಡು ಕೊಡಬೇಡಿ. ಆನ್ಸಿ ಅಳತೆಯಲ್ಲಿ ಚಿತ್ರದ ಒಂಬತ್ತು ಕಡೆ ಬೆಳಕು ಅಳೆದು ಸರಾಸರಿ ತೆಗೆಯುತ್ತಾರೆ, ಹಾಗಾಗಿ ಅದನ್ನು ನಂಬಬಹುದು.

ಈಗಿನದು ಬಂದಾಗಲೂ ಮೊದಲ ತಿಂಗಳು ಸಮಾಧಾನ ಇರಲಿಲ್ಲ. ಸಿನಿಮಾದಲ್ಲಿ ಒಂದು ರಾತ್ರಿಯ ದೃಶ್ಯ, ದೀಪ ಇರುವ ಬಾಗಿಲ ಪಕ್ಕ ಕಂಬಳಿ ಹೊದ್ದ ಒಬ್ಬ ಮುದುಕ. ಅವನ ಕರಿ ಕಂಬಳಿ ನನ್ನ ಪರದೆಯ ಮೇಲೆ ಬೂದಿ ಬಣ್ಣ, ಮಡಿಕೆ ಒಂದೂ ಕಾಣಲ್ಲ. ಪ್ರೊಜೆಕ್ಟರ್ ಬೆಳಕನ್ನು ಚೆಲ್ಲಬಹುದು, ಕಪ್ಪನ್ನು ಚೆಲ್ಲೋಕಾಗುತ್ತಾ? ಬೆಳಕು ಬೀಳದ ಜಾಗವೇ ಕಪ್ಪು. ನಮ್ಮದು ಕೆನೆ ಬಣ್ಣದ ಗೋಡೆ. ದೀಪದ ಬೆಳಕೆಲ್ಲ ಅಕ್ಕಪಕ್ಕದ ಗೋಡೆಗೆ ಬಡಿದು ವಾಪಸ್ ಪರದೆಗೇ ಬಂದು ಆ ಕಂಬಳಿಯನ್ನು ತೊಳೆದು ಹಾಕುತ್ತಿತ್ತು. ಪರದೆಯ ಎರಡೂ ಬದಿಗೆ ನಾಲ್ಕು ನಾಲ್ಕು ಅಡಿ ಹೊಳಪಿಲ್ಲದ ಗಾಢ ಬೂದು ಪೇಂಟ್ ಹೊಡೆಸಿದೆ, ಕಿಟಕಿಗೆ ದಪ್ಪ ಪರದೆ ಹಾಕಿದೆ. ಅದೇ ದೃಶ್ಯ ಮತ್ತೆ ಹಾಕಿದಾಗ ಕಂಬಳಿಯ ಅಂಚಿನ ನೂಲು ಕೂಡ ಕಂಡಿತು. ಯಂತ್ರ ಅದೇ, ಸೆಟ್ಟಿಂಗ್ ಅದೇ.

ನಮ್ಮ ಚಿತ್ರ ಮೂಲೆಯಿಂದ ಮೂಲೆಗೆ 100 ಇಂಚು, ಅಂದರೆ 221 ಸೆಂ.ಮೀ. ಅಗಲ. ಗೆಳೆಯರೊಬ್ಬರು 150 ಮಾಡು ಅಂದರು. ಬೇಡ. ಅಷ್ಟೇ ಬೆಳಕು ಎರಡೂಕಾಲು ಪಟ್ಟು ಜಾಗಕ್ಕೆ ಹರಡಿದರೆ ಚಿತ್ರ ಮಂಕಾಗುತ್ತದೆ. ಕೀಸ್ಟೋನ್ ಅನ್ನೋ ಸೆಟ್ಟಿಂಗ್ ಕೂಡ ಜಾಸ್ತಿ ಬಳಸಬೇಡಿ, ಓರೆ ಸರಿಮಾಡೋಕೆ ಅದು ಪಿಕ್ಸೆಲ್‌ಗಳನ್ನೇ ಬಲಿ ಕೊಡುತ್ತದೆ. ಸ್ಟ್ಯಾಂಡ್ ನೇರ ಇಡಿ, ಸಾಕು.

ಡಿಎಲ್‌ಪಿ (ಪುಟ್ಟ ಕನ್ನಡಿಗಳ ಚಿಪ್ ಇರುವ ಪ್ರೊಜೆಕ್ಟರ್) ಯಾಕೆ ತಗೊಳ್ಳಲಿಲ್ಲ ಅಂದರೆ, ಒಂದೇ ಚಿಪ್ ಇರುವವು ಬಣ್ಣಗಳನ್ನು ಒಂದಾದ ಮೇಲೊಂದು ತೋರಿಸುತ್ತವೆ. ಕಣ್ಣು ಹೊರಳಿಸಿದರೆ ಬಿಳಿ ಅಕ್ಷರದ ಪಕ್ಕ ಕಾಮನಬಿಲ್ಲಿನ ಗೆರೆ ನನಗೆ ಕಾಣುತ್ತದೆ, ನನ್ನ ಹೆಂಡತಿಗೆ ಕಾಣಲ್ಲ. ಕೊಳ್ಳುವ ಮುಂಚೆ ಮನೆಯವರೆಲ್ಲ ಒಮ್ಮೆ ನೋಡಿ.

ತೊಂದರೆಗಳೂ ಇವೆ. ಫಿಲ್ಟರ್ ತಿಂಗಳಿಗೊಮ್ಮೆ ಬಿಚ್ಚಬೇಕು, ಬೇಸಿಗೆಯಲ್ಲಿ ಧೂಳು ಹತ್ತಿ ಥರ ಕೂತಿರುತ್ತದೆ. 3,000 ಗಂಟೆ ದಾಟಿದ ಮೇಲೆ ಲ್ಯಾಂಪ್ ಬದಲಿಸಿದೆ, ಒಂಬತ್ತು ಸಾವಿರದ ಹತ್ತಿರ ಆಯ್ತು. ಬೆಳಕು ದಿನಾ ಚೂರು ಚೂರೇ ಇಳಿಯುವುದರಿಂದ ಗೊತ್ತೇ ಆಗಿರಲಿಲ್ಲ, ಹೊಸದು ಹಾಕಿದ ಸಂಜೆ ಮಗಳು "ಅಪ್ಪಾ, ಬೇರೆ ಪ್ರೊಜೆಕ್ಟರ್ ತಂದ್ಯಾ?" ಅಂದಳು. ಹಗಲು ಕ್ರಿಕೆಟ್ ನೋಡೋಕೆ ಮಾತ್ರ ಕೆಳಗಿನ ಟಿವಿಯೇ.

ಸೀಲಿಂಗ್ ಇನ್ನೂ ಬಿಳಿಯೇ ಇದೆ. ಮಳೆಗಾಲ ಮುಗಿಯಲಿ, ಪೇಂಟರ್‌ಗೆ ಹೇಳಿಟ್ಟಿದ್ದೇನೆ.