ಹಾಸನದಲ್ಲಿ ಒಂದು ಕುಟುಂಬ ಆಪ್ತಸಮಾಲೋಚನೆ: ನಮ್ಮ ಅನುಭವ

1979ರಲ್ಲಿ ಪೂರ್ಣಗೊಂಡ ಗೊರೂರಿನ ಹೇಮಾವತಿ ಅಣೆಕಟ್ಟಿನಿಂದ ಮುಳುಗಿದ ಊರುಗಳಲ್ಲಿ ನಮ್ಮ ಅಜ್ಜಿಯದೂ ಒಂದು. ಮಳೆಗಾಲದಲ್ಲಿ ಶೆಟ್ಟಿಹಳ್ಳಿಯ ಚರ್ಚ್ ಅರ್ಧ ಮುಳುಗಿ ನಿಲ್ಲುವುದನ್ನು ನೋಡಲು ಜನ ಸೇರುತ್ತಾರೆ. ಅಜ್ಜಿ ಮಾತ್ರ ಆ ದಾರಿಯನ್ನೇ ತುಳಿದವರಲ್ಲ. ಪ್ರತಿ ಜೂನ್‌ನಲ್ಲಿ ಪಹಣಿ, ರೇಷನ್ ಕಾರ್ಡುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿಗೆ ಸೇರಿಸುವ ಅವರ ಅಭ್ಯಾಸ ಅಪ್ಪನಿಗೂ ಬಂದಿದೆ.

ನಾವು ಮೂರು ತಲೆಮಾರಿನವರೂ ಹೋಗಿದ್ದ ಹಾಸನದ ಈ ಆಪ್ತಸಮಾಲೋಚನಾ ಕೇಂದ್ರದಲ್ಲಿ ಮೆಚ್ಚಬೇಕಾದದ್ದು ಸಮಾಲೋಚಕಿಯ ತಾಳ್ಮೆ. ಅವರು ಅಜ್ಜಿಯ ಕೈಗೆ ಒಂದು ಹಿಡಿ ಅವರೆಕಾಳು ಕೊಟ್ಟು, ಹಳೆಯ ಮನೆಯನ್ನು ಮೇಜಿನ ಮೇಲೆ ಜೋಡಿಸಲು ಹೇಳಿದರು. ಕೊಟ್ಟಿಗೆ, ಬಾವಿ, ಹಿತ್ತಲ ಹಲಸು ಎಂದು ಒಂದೊಂದೇ ಕಾಳು ಇಡುತ್ತಾ ಅಜ್ಜಿ ಹೇಳಿದ್ದನ್ನು ಅಪ್ಪ ಅಂದೇ ಮೊದಲ ಬಾರಿಗೆ ಕೇಳಿದ್ದು.

ನೋವು ಮಕ್ಕಳಿಗೆ ಅಂಟಿಯೇ ತೀರುತ್ತದೆಯೇ ಎಂಬ ನನ್ನ ಪ್ರಶ್ನೆಗೂ ಅವರು ಅಳೆದು ತೂಗಿಯೇ ಉತ್ತರಿಸಿದರು: ನಾಜಿ ನರಮೇಧದಿಂದ ಬದುಕುಳಿದವರ ಮಕ್ಕಳ ಕುರಿತ ಅಧ್ಯಯನಗಳ 32 ಮಾದರಿ ಗುಂಪುಗಳನ್ನು ಒಟ್ಟುಗೂಡಿಸಿ 2003ರಲ್ಲಿ ಪ್ರಕಟವಾದ ವಿಶ್ಲೇಷಣೆಯು, ಚಿಕಿತ್ಸೆಗೆಂದು ಬಾರದ ಸಾಮಾನ್ಯ ಕುಟುಂಬಗಳಲ್ಲಿ ಅಂಥ ದಾಟುವಿಕೆಗೆ ಪುರಾವೆ ಕಾಣಲಿಲ್ಲ, ಆದರೆ ಆ ದುರಂತಕ್ಕೆ ನಮ್ಮ ಮುಳುಗಡೆಯನ್ನು ಹೋಲಿಸಕೂಡದು.

ಕೊರತೆಗಳೂ ಇವೆ. ಮಂಡಿನೋವಿನ ಅಜ್ಜಿ ಎರಡು ಮಹಡಿ ಹತ್ತಬೇಕಾಯಿತು. ಅರ್ಜಿಯಲ್ಲಿ ‘ಸಮಸ್ಯೆ ಇರುವವರು’ ಎಂಬಲ್ಲಿ ಒಂದೇ ಹೆಸರಿಗೆ ಜಾಗ, ಯಾರದ್ದು ಬರೆಯುವುದು? ಅಜ್ಜಿ ಮಾತಿಗಿಳಿದ ಹೊತ್ತಿಗೇ ಸಮಯ ಮುಗಿಯಿತೆಂದು ಹೊರಗಿನವರು ಬಾಗಿಲು ತಟ್ಟಿದರು. ಅವರೆಕಾಳನ್ನು ಅಜ್ಜಿ ಸೆರಗಿನಲ್ಲಿ ಕಟ್ಟಿಕೊಂಡು ಬಂದರು.